ಗ್ಯಾರಂಟಿ ಕೊಟ್ಟ ತಾರಸಿ ಮೊದಲ ಮಳೆಗೇ ಸೋರಿದರೆ?

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಮನೆಯ ತಾರಸಿಗೆ ಬೇಸಿಗೆಯಲ್ಲಿ ಬೆಂಗಳೂರಿನ ಸಂಸ್ಥೆಯೊಂದರಿಂದ 60,000 ರೂಪಾಯಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಐದು ವರ್ಷ ಗ್ಯಾರಂಟಿ ಎಂದಿದ್ದರು. ಆರಿದ್ರಾ ಮಳೆ ಹಿಡಿಯುತ್ತಲೇ ಸೋರತೊಡಗಿತು. ಈಗ ಅವರು ಫೋನ್ ಎತ್ತುತ್ತಿಲ್ಲ. ಹಣ ವಾಪಸ್ ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ಒಪ್ಪಿಕೊಂಡ ಅಥವಾ ಕಾನೂನು ವಿಧಿಸಿದ ಗುಣಮಟ್ಟಕ್ಕೆ ಕೆಲಸ ಮುಟ್ಟದಿದ್ದರೆ ಅದು ಸೇವಾ ನ್ಯೂನತೆ. ಕೆಲಸ ಮನಸ್ಸಿಗೆ ಒಪ್ಪಲಿಲ್ಲ ಎಂಬುದಷ್ಟೇ ಸಾಲದು. ಬಣ್ಣ ಮಂಕಾಗಿದೆ ಎಂಬ ದೂರು ನಿಲ್ಲುವುದು ಕಷ್ಟ, ಸೋರುವುದಿಲ್ಲ ಎಂದು ಮಾತು ಕೊಟ್ಟ ತಾರಸಿ ಸೋರಿದ್ದು ಹಾಗಲ್ಲ. ಆ ಮಾತು ಬಿಲ್ಲಿನಲ್ಲೋ ಕೊಟೇಶನ್ನಿನಲ್ಲೋ ಕನಿಷ್ಠ ವಾಟ್ಸ್‌ಆ್ಯಪ್ ಸಂದೇಶದಲ್ಲೋ ಇದೆಯೇ ಎಂದು ಮೊದಲು ಹುಡುಕಿ. ‘ಹಣ ಹಿಂದಿರುಗಿಸಲಾಗುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದ್ದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ.

ನ್ಯೂನತೆಯನ್ನು ರುಜುವಾತುಪಡಿಸುವ ಹೊಣೆ ದೂರುದಾರರದು, ಮತ್ತು ಮಲೆನಾಡಿನವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಳೆ ಯಾರಿಗೂ ಕಾಯುವುದಿಲ್ಲವಾದ್ದರಿಂದ ಟಾರ್ಪಾಲು ಹೊದಿಸಿ, ಬೇರೆ ಮೇಸ್ತ್ರಿಯಿಂದ ಬಿರುಕು ಮುಚ್ಚಿಸಿಬಿಡುತ್ತಾರೆ. ದೀಪಾವಳಿ ಕಳೆದು ದೂರು ಕೊಡುವ ಹೊತ್ತಿಗೆ ತೋರಿಸಲು ಸೋರಿಕೆಯೇ ಉಳಿದಿರುವುದಿಲ್ಲ. ದುರಸ್ತಿ ತಡೆಯಲಾಗದಿದ್ದರೆ ಮಾಡಿಸಿ, ಆದರೆ ಅದಕ್ಕೆ ಮುಂಚೆ ನೀರಿಳಿಯುವ ಜಾಗಗಳ ವಿಡಿಯೊ ತೆಗೆದು, ಸಿವಿಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆದು, ಸಂಸ್ಥೆಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ, ಸರಿಪಡಿಸಲು ಹದಿನೈದು ದಿನ ಕೊಡಿ. ನೋಟಿಸ್ ಬರೆಯಲು ವಕೀಲರೇ ಆಗಬೇಕೆಂದಿಲ್ಲ. ಈ ನಡುವೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು. ಅದು ಆದೇಶ ಹೊರಡಿಸಲಾರದು, ಆದರೂ ಎಷ್ಟೋ ಸಂಸ್ಥೆಗಳು ಆ ಹಂತದಲ್ಲೇ ಮಾತಿಗೆ ಬರುತ್ತವೆ.

ಆಗಲೂ ಉತ್ತರ ಬಾರದಿದ್ದರೆ ಬೆಂಗಳೂರಿಗೆ ಅಲೆಯಬೇಕಿಲ್ಲ. ದೂರುದಾರರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಸಾಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನೀವೇ ವಾದಿಸಬಹುದು, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಲೂಬಹುದು. ಹಣ ವಾಪಸ್, ಉಚಿತ ದುರಸ್ತಿ, ನೆನೆದು ಹಾಳಾದ ಸಾಮಾನಿಗೆ ಪರಿಹಾರ, ವ್ಯಾಜ್ಯದ ಖರ್ಚು ಎಲ್ಲವನ್ನೂ ಒಂದೇ ದೂರಿನಲ್ಲಿ ಕೇಳಿ. ಮೂರು ತಿಂಗಳು, ತಜ್ಞ ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಅದಕ್ಕಿಂತ ತಡವಾಗುವುದೇ ವಾಡಿಕೆ. ನಿಮ್ಮ ಕಡೆಯ ಗಡುವು ಮಾತ್ರ ಕಟ್ಟುನಿಟ್ಟು: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ತಡವಾದರೆ ಸಕಾರಣ ತೋರಿಸಿ ಆಯೋಗವನ್ನು ಒಪ್ಪಿಸಬೇಕಾಗುತ್ತದೆ.