ಭೂಕಂಪ ಮೊದಲಿಗಿಂತ ಜಾಸ್ತಿಯಾಗಿದೆಯಾ?

ಪ್ರಶ್ನೆ: ಈಚೆಗೆ ಭೂಕಂಪ, ಪ್ರವಾಹ, ಚಂಡಮಾರುತ ಎಲ್ಲವೂ ಜಾಸ್ತಿಯಾಗಿವೆ ಅಲ್ವಾ?

ಎಲ್ಲಾದರೂ ಭೂಮಿ ನಡುಗಿದ ಮರುದಿನ ಚಳ್ಳಕೆರೆಯಿಂದಲೂ ದಾವಣಗೆರೆಯಿಂದಲೂ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಭೂಕಂಪ ಜಾಸ್ತಿಯಾಗಿಲ್ಲ, ಜೋರು ಮಳೆ ಜಾಸ್ತಿಯಾಗಿದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ.

1900ರಿಂದ ಈಚಿನ ದಾಖಲೆ ನೋಡಿ. 7 ಅಥವಾ ಅದಕ್ಕೂ ಹೆಚ್ಚಿನ ತೀವ್ರತೆಯ ಭೂಕಂಪಗಳು ವರ್ಷಕ್ಕೆ ಸರಾಸರಿ 16ರ ಆಸುಪಾಸು. 2010ರಲ್ಲಿ 20 ದಾಟಿದವು, 1989ರಲ್ಲಿ 10ನ್ನೂ ಮುಟ್ಟಲಿಲ್ಲ. ಈ ಏರಿಳಿತ ಹಿಂದಿನಿಂದಲೂ ಇದೆ. ಹೆಚ್ಚಾಗಿರುವುದು ಅಳೆಯುವ ಯಂತ್ರಗಳು. 1931ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 350 ಭೂಕಂಪ ಮಾಪನ ಕೇಂದ್ರಗಳಿದ್ದವು, ಈಗ ಸಾವಿರಾರು. ಯಾರ ಗಮನಕ್ಕೂ ಬಾರದೆ ಹೋಗುತ್ತಿದ್ದ ಸಣ್ಣ ನಡುಕವೂ ಈಗ ಲೆಕ್ಕಕ್ಕೆ ಸಿಗುತ್ತದೆ, ಕೂಡಲೇ ಮೊಬೈಲಿಗೂ ಬರುತ್ತದೆ. ದೊಡ್ಡ ಭೂಕಂಪದ ಅಲೆಗಳು ಭೂಗೋಳವನ್ನೇ ಹಾದುಹೋಗುತ್ತವೆ, ಹಳೆಯ ಯಂತ್ರಗಳಿಗೂ ತಪ್ಪುತ್ತಿರಲಿಲ್ಲ. ಅದಕ್ಕೇ ಹೋಲಿಸುವಾಗ ದೊಡ್ಡವನ್ನೇ ಎಣಿಸಬೇಕು.

"ಭೂಮಿ ಬಿಸಿಯಾದರೆ ಬಿರುಕು ಬಿಡಲ್ವಾ?" ಅಂತ ಮರುಪ್ರಶ್ನೆ ಬಂದೇ ಬರುತ್ತದೆ. ಬಿಸಿಯಾಗುತ್ತಿರುವುದು ಗಾಳಿ, ಸಮುದ್ರ, ಮೇಲಿನ ನೆಲ. ಭೂಕಂಪ ಹುಟ್ಟುವುದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಭೂಫಲಕಗಳ (ಭೂಮಿಯ ಹೊರಚಿಪ್ಪಿನ ದೈತ್ಯ ತುಂಡುಗಳ) ಒತ್ತಡದಿಂದ. ಚಿತ್ರದುರ್ಗದ ಏಪ್ರಿಲ್ ಬಿಸಿಲು ಆಳದ ಬಾವಿಯ ತಳಕ್ಕೇ ಮುಟ್ಟುವುದಿಲ್ಲ, ಅಷ್ಟು ಆಳಕ್ಕೆ ಹೇಗೆ ಮುಟ್ಟೀತು?

ಮಳೆಯ ಕಥೆಯೇ ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಹಾಗಂತ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಿದ್ದನ್ನೇ ಸಾಕ್ಷಿ ಮಾಡಬೇಡಿ. ಅದಕ್ಕೆ ಭದ್ರಾ ನೀರೂ ಹರಿದು ಬಂದಿತ್ತು.

ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 50 ವರ್ಷಗಳಲ್ಲಿ ಹವಾಮಾನ ವಿಕೋಪಗಳು ಐದು ಪಟ್ಟಾಗಿವೆ. ವರದಿ ಮಾಡುವುದು ಸುಧಾರಿಸಿದ್ದೂ ಅದಕ್ಕೊಂದು ಕಾರಣ. ಆದರೆ ಸಾವು ಇಳಿದಿದೆ! 1970ರ ದಶಕದಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು, 2010ರ ದಶಕದಲ್ಲಿ 20,000ಕ್ಕೂ ಕಡಿಮೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10,000 ಜನ ಸತ್ತರು. 2013ರ ಫೈಲಿನ್‌ಗೆ 50 ಜನವೂ ಅಲ್ಲ. ಮುನ್ಸೂಚನೆ ಕೊಟ್ಟು, ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಯಾರೂ ಕೇಳದ ಇನ್ನೊಂದು ಮಾತಿದೆ. ವಿಕೋಪಗಳ ಜಾಗತಿಕ ಪಟ್ಟಿಗೆ ಸೇರಲು 10 ಸಾವೋ, 100 ಜನಕ್ಕೆ ತೊಂದರೆಯೋ, ತುರ್ತುಸ್ಥಿತಿ ಘೋಷಣೆಯೋ, ಅಂತರರಾಷ್ಟ್ರೀಯ ನೆರವಿನ ಕೋರಿಕೆಯೋ ಆಗಿರಬೇಕು. ಬೇಸಿಗೆ ಮಳೆಗೆ ಹುಣಸೆಮರದ ಕೆಳಗೆ ನಿಂತು ಸಿಡಿಲಿಗೆ ಬಲಿಯಾಗುವ ಕುರಿಗಾಹಿ ಈ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ನಮ್ಮ ಕಡೆ ಭೂಕಂಪಕ್ಕಿಂತ ಇದಕ್ಕೇ ಹೆದರಬೇಕು. ಗುಡುಗು ಕೇಳಿದರೆ ಮರ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ. ಕುರಿ ಮೇಯಿಸಲು ಹೋಗುವವರ ಮೊಬೈಲಿಗೆ ಇವತ್ತೇ ಹಾಕಿಕೊಡಿ.