ಗ್ಯಾಟ್ಸ್‌ಬಿ ಹಾಳಾಗಿದ್ದು ಕಳ್ಳ ದುಡ್ಡಿನಿಂದಲೇ?

ಪ್ರಶ್ನೆ: ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಓದಿ ಮುಗಿಸಿದೆ. ಗ್ಯಾಟ್ಸ್‌ಬಿ ಕಳ್ಳದಾರಿಯಲ್ಲಿ ದುಡ್ಡು ಮಾಡಿದ, ಅದಕ್ಕೇ ಹಾಳಾದ. ಅಂದರೆ ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವ ಅಮೆರಿಕದ ನಂಬಿಕೆ ಸರಿಯೇ, ಇವನು ಹಿಡಿದ ದಾರಿ ಮಾತ್ರ ತಪ್ಪು ಅಂತ ತಾನೆ?

ಇದನ್ನು ಬಹಳ ಜನ ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾದಂಬರಿಯೇ ಆ ಸಮಾಧಾನಕ್ಕೆ ಜಾಗ ಕೊಡುವುದಿಲ್ಲ.

ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ ಈ ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ. ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು, 1920ರಿಂದ 1933ರವರೆಗೆ. ಔಷಧಿ ಅಂಗಡಿಗಳ ನೆಪದಲ್ಲಿ ಗ್ಯಾಟ್ಸ್‌ಬಿ ಕಳ್ಳಮದ್ಯ ಮಾರುತ್ತಿದ್ದ, ಅದು ನಿಜ. ಆದರೆ ಕುಡಿಯುತ್ತಿದ್ದವರು ಯಾರು? ಕರೆಯದಿದ್ದರೂ ಅವನ ಪಾರ್ಟಿಗೆ ಬಂದು ಬೀಳುತ್ತಿದ್ದ ದೊಡ್ಡವರು. ಅವನನ್ನು ಬಯಲಿಗೆಳೆಯುವ ಹುಟ್ಟು ಶ್ರೀಮಂತ ಟಾಮ್ ಬುಕ್ಯಾನನ್ ಪ್ಲಾಜಾ ಹೋಟೆಲಿಗೆ ಬರುವಾಗ ವಿಸ್ಕಿ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ತರುತ್ತಾನೆ. ಟಾಮ್‌ನ ಗೆಳೆಯ ವಾಲ್ಟರ್ ಚೇಸ್ ಕೂಡ ಇದೇ ದಂಧೆಯಲ್ಲಿ ಕೈಯಾಡಿಸಿದವನು. ಹೆಂಡತಿ ಡೇಸಿ ಗ್ಯಾಟ್ಸ್‌ಬಿ ಕಡೆಗೆ ವಾಲಿ ಕೈತಪ್ಪುತ್ತಾಳೆ ಅನ್ನಿಸಿದ ಮೇಲೆ ಟಾಮ್‌ಗೆ ದಿಢೀರಂತ ಕಾನೂನು ನೆನಪಾಗುತ್ತದೆ.

ನಿಜವಾದ ಉತ್ತರ ಆರನೇ ಅಧ್ಯಾಯದಲ್ಲಿದೆ. ಪಾರ್ಟಿಗಳ ಗದ್ದಲದಲ್ಲಿ ಅದು ಕಣ್ತಪ್ಪಿ ಹೋಗುತ್ತದೆ. ಟಾಮ್, ಸ್ಲೋನ್ ಅನ್ನುವವನು, ಒಬ್ಬ ಹೆಂಗಸು, ಮೂವರೂ ಕುದುರೆ ಮೇಲೆ ಬಂದು ಗ್ಯಾಟ್ಸ್‌ಬಿ ಮನೆಯಲ್ಲಿ ಕುಡಿಯುತ್ತಾರೆ. ಆಕೆ ಸ್ವಲ್ಪ ನಶೆ ಏರಿದ ಮೇಲೆ ‘ನಮ್ಮನೆಗೆ ಊಟಕ್ಕೆ ಬನ್ನಿ’ ಅನ್ನುತ್ತಾಳೆ. ಸ್ಲೋನ್ ಮುಖ ಗಂಟು ಹಾಕಿಕೊಳ್ಳುತ್ತಾನೆ. ಅಲ್ಲಿರುವವರಿಗೆಲ್ಲ ವಿಷಯ ಅರ್ಥವಾಗುತ್ತದೆ, ಗ್ಯಾಟ್ಸ್‌ಬಿಗೆ ಆಗುವುದಿಲ್ಲ. ನನ್ನ ಹತ್ತಿರ ಕುದುರೆ ಇಲ್ಲ, ಕಾರಿನಲ್ಲಿ ಹಿಂದೆ ಬರುತ್ತೇನೆ, ಒಂದೇ ನಿಮಿಷ ಅಂತ ಒಳಗೆ ಹೋಗುತ್ತಾನೆ. ಕರೆದದ್ದು ಬಾಯಿಮಾತಿಗೆ ಅಂತ ಇವನಿಗೆ ಗೊತ್ತಾಗಲ್ವಾ ಅಂತ ಟಾಮ್‌ಗೆ ಆಶ್ಚರ್ಯ. ಗ್ಯಾಟ್ಸ್‌ಬಿ ಟೋಪಿ, ಕೋಟು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವರು ಹೊರಟೇ ಹೋಗಿರುತ್ತಾರೆ.

ಇಲ್ಲಿ ಅವನು ಮಾಡಿದ ತಪ್ಪು ಏನು? ಕರೆದಾಗ ಹೊರಟಿದ್ದು. ಮಾತನ್ನು ಮಾತಿನಂತೆಯೇ ನಂಬಿದ್ದು. ಎಲ್ಲರೂ ಹುಟ್ಟಿನಿಂದ ಸಮಾನರು ಅಂತ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದಿಟ್ಟ ದೇಶವನ್ನೂ ಅವನು ಹೀಗೇ ನಂಬಿದವನು. ನಾರ್ತ್ ಡಕೋಟಾದ ಬಡ ರೈತರ ಮಗ, ಹುಟ್ಟಿದಾಗಿನ ಹೆಸರು ಜೇಮ್ಸ್ ಗ್ಯಾಟ್ಸ್. ಹುಡುಗನಾಗಿದ್ದಾಗ, 1906ರಲ್ಲಿ, ಪುಸ್ತಕವೊಂದರ ಹಿಂಬದಿಯಲ್ಲಿ ದಿನಚರಿ ಬರೆದಿದ್ದ. ಬೆಳಿಗ್ಗೆ ಆರಕ್ಕೆ ಏಳುವುದು, ಡಂಬಲ್ಸ್ ಎತ್ತುವುದು, ವಿದ್ಯುತ್ ಬಗ್ಗೆ ಓದುವುದು. ವಾರಕ್ಕೆ ಐದು ಡಾಲರ್ ಉಳಿಸಬೇಕು ಅಂತ ಬರೆದು, ಹೊಡೆದುಹಾಕಿ, ಮೂರು ಅಂತ ತಿದ್ದಿದ್ದಾನೆ. ಆ ತಿದ್ದುಪಡಿ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಅಮೆರಿಕ ಕಟ್ಟಿದವರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ಇಂಥದ್ದೇ ದಿನಚರಿ ಕೊಟ್ಟಿದ್ದಾನೆ. ಹುಡುಗ ಶುರುಮಾಡಿದ್ದು ದೇಶ ಹೇಳಿಕೊಟ್ಟ ದಾರಿಯಲ್ಲೇ.

ಆ ದಾರಿ ಬಿಡದವನೂ ಕಥೆಯಲ್ಲಿದ್ದಾನೆ, ಜಾರ್ಜ್ ವಿಲ್ಸನ್. ಬೂದಿ ಬಯಲಿನಲ್ಲಿ ಗ್ಯಾರೇಜ್ ಇಟ್ಟುಕೊಂಡವನು. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದ ಕರೋನಾ ಅನ್ನುವ ಜಾಗದಲ್ಲಿ ಆಗ ನಿಜಕ್ಕೂ ಬೂದಿ ಗುಡ್ಡಗಳಿದ್ದವು. ವಿಲ್ಸನ್ ಸುಳ್ಳಿಲ್ಲದೆ, ಮೋಸವಿಲ್ಲದೆ ದುಡಿಯುತ್ತಾನೆ. ಸಿಕ್ಕಿದ್ದೇನು? ಮದುವೆಗೆ ಹಾಕಿಕೊಳ್ಳಲೂ ಬೇರೆಯವರ ಸೂಟು. ಟಾಮ್ ಹಳೇ ಕಾರು ಮಾರುತ್ತಾನೆ ಅಂತ ಕಾಯುತ್ತಾ ಕೂತಿದ್ದಾನೆ. ಅತ್ತ ಟಾಮ್ ಅವನ ಹೆಂಡತಿ ಮರ್ಟಲ್‌ಳ ಜೊತೆಗೇ ಓಡಾಡುತ್ತಿದ್ದಾನೆ. ಟಾಮ್ ದುಡಿದದ್ದು ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. ಆದರೆ ಮದುವೆಗೆ ಮುಂಚೆ ಡೇಸಿಗೆ ಕೊಟ್ಟ ಮುತ್ತಿನ ಹಾರದ ಬೆಲೆ ಮೂರೂವರೆ ಲಕ್ಷ ಡಾಲರ್.

ಕೊನೆಗೆ ಸಾಯುವವರು ಮೂವರು: ಮರ್ಟಲ್, ಗ್ಯಾಟ್ಸ್‌ಬಿ, ವಿಲ್ಸನ್. ಮೂವರೂ ಶ್ರೀಮಂತರಾಗಿ ಹುಟ್ಟಿದವರಲ್ಲ. ಮರ್ಟಲ್‌ಗೆ ಡಿಕ್ಕಿ ಹೊಡೆದ ಕಾರನ್ನು ಓಡಿಸುತ್ತಿದ್ದವಳು ಡೇಸಿ. ಅವಳೂ ಟಾಮ್‌ನೂ ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಾರೆ, ಅಷ್ಟೇ. ದಾರಿಯ ತಪ್ಪೊಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಬರುತ್ತಿತ್ತಾ?

ಫಿಟ್ಜ್‌ಜೆರಾಲ್ಡ್ ಇದನ್ನು ದೇಶದ ಕಥೆ ಅಂತಲೇ ಅಂದುಕೊಂಡಿದ್ದರು. ಪುಸ್ತಕ ಬಂದದ್ದು 1925ರ ಏಪ್ರಿಲ್ 10ಕ್ಕೆ. ಮಾರ್ಚ್‌ನಲ್ಲಿ ಪ್ರಕಾಶಕರಿಗೆ ತಂತಿ ಕಳಿಸಿ, ‘ಕೆಂಪು, ಬಿಳಿ, ನೀಲಿಯ ಅಡಿಯಲ್ಲಿ’ ಅನ್ನುವ ಹೆಸರಿಡಬಹುದಾ ಅಂತ ಕೇಳಿದ್ದರು. ಅಮೆರಿಕದ ಬಾವುಟದ ಬಣ್ಣಗಳು. ಆಗಲೇ ತಡವಾಗಿತ್ತು.

ಇನ್ನೊಂದು ಸಲ ಓದುವುದಾದರೆ ಕಥೆ ಹೇಳುವ ನಿಕ್ ಕ್ಯಾರವೇ ಮೇಲೂ ಒಂದು ಕಣ್ಣಿಡಿ. ನಮ್ಮದು ಸ್ಕಾಟ್‌ಲೆಂಡಿನ ಡ್ಯೂಕ್ ವಂಶ ಅಂತ ಅವನ ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಅಸಲಿಗೆ ಮನೆತನ ಕಟ್ಟಿದ್ದು ಅಜ್ಜನ ಸೋದರ. 1851ರಲ್ಲಿ ಅಮೆರಿಕಕ್ಕೆ ಬಂದ, ಅಂತರ್ಯುದ್ಧಕ್ಕೆ ತನ್ನ ಬದಲು ಬೇರೊಬ್ಬನನ್ನು ಕಳಿಸಿದ, ಹಾರ್ಡ್‌ವೇರ್ ಸಗಟು ವ್ಯಾಪಾರ ಶುರುಮಾಡಿದ. ಗ್ಯಾಟ್ಸ್‌ಬಿಯಾದರೋ ಮೊದಲ ಮಹಾಯುದ್ಧಕ್ಕೆ ತಾನೇ ಹೋಗಿ ಪದಕ ಗೆದ್ದು ಬಂದವನು. ಆದರೂ ನಿಕ್ ಮರ್ಯಾದಸ್ಥ ಮನೆತನದವನು, ಗ್ಯಾಟ್ಸ್‌ಬಿ ಎಲ್ಲಿಂದಲೋ ಬಂದವನು.