ಮೆಡಿಟರೇನಿಯನ್ ಕ್ರೂಸ್: ವೀಸಾ ಮತ್ತು ಹಡಗು ಹತ್ತುವ ಮುಂಚಿನ ಹೋಟೆಲ್ ವಾಸವನ್ನು ಒಟ್ಟಿಗೆ ಯೋಜಿಸುವ ಕ್ರಮ

ಮೆಡಿಟರೇನಿಯನ್ ಸಮುದ್ರದ ಕ್ರೂಸ್ ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಹಡಗನ್ನು, ಆಮೇಲೆ ವಿಮಾನವನ್ನು, ಅದಾದ ಮೇಲೆ ವೀಸಾವನ್ನು ಗೊತ್ತುಮಾಡಿಕೊಂಡು, ಹಡಗು ಹತ್ತುವ ಮುಂಚಿನ ಒಂದೆರಡು ರಾತ್ರಿಯ ಹೋಟೆಲನ್ನು ಕೊನೆಗೆ ಬಿಟ್ಟುಕೊಳ್ಳುತ್ತಾರೆ. ಆದರೆ ಆ ಒಂದೆರಡು ರಾತ್ರಿಗಳು ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು ಎಂಬುದನ್ನೇ ಬದಲಿಸಬಲ್ಲವು. ಆದ್ದರಿಂದ ಹೋಟೆಲ್ ಮತ್ತು ವೀಸಾ ಎರಡನ್ನೂ ಒಂದೇ ಹಾಳೆಯ ಮೇಲೆ, ಒಟ್ಟಿಗೆ ಕೂತು ಲೆಕ್ಕ ಹಾಕಬೇಕೆಂಬುದು ಈ ಟಿಪ್ಪಣಿಯ ಮುಖ್ಯ ಮಾತು. ದಾವಣಗೆರೆ, ಚಿತ್ರದುರ್ಗದ ಕಡೆ ಪ್ರವಾಸ ವ್ಯವಸ್ಥೆಯ ಕೆಲಸ ಕಲಿಯುತ್ತಿರುವವರನ್ನೂ, ಮನೆಯ ಹಿರಿಯರನ್ನು ಕಳುಹಿಸಲು ತಾವೇ ಓದಿ ತಿಳಿದುಕೊಳ್ಳುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಯಾವ ದೇಶಕ್ಕೆ ಅರ್ಜಿ?

ಸ್ಪೇನ್, ಫ್ರಾನ್ಸ್, ಇಟಲಿ, ಮಾಲ್ಟಾ, ಗ್ರೀಸ್, ಸ್ಲೊವೇನಿಯಾ ಮತ್ತು 2023ರ ಜನವರಿ 1ರಿಂದ ಕ್ರೊಯೇಷಿಯಾ, ಇವೆಲ್ಲವೂ ಷೆಂಗೆನ್ ವಲಯಕ್ಕೆ, ಅಂದರೆ ತಮ್ಮತಮ್ಮ ನಡುವಿನ ಗಡಿ ತಪಾಸಣೆ ಬಿಟ್ಟಿರುವ ಯುರೋಪಿನ ದೇಶಗಳ ಗುಂಪಿಗೆ, ಸೇರಿವೆ. ಈ ವಲಯದ ಒಂದು ದೇಶ ಕೊಟ್ಟ ಅಲ್ಪಾವಧಿ ವೀಸಾ ಉಳಿದ ದೇಶಗಳಲ್ಲಿಯೂ ನಡೆಯುತ್ತದೆ. ಆದರೆ ಅರ್ಜಿಯನ್ನು ನಮಗೆ ಅನುಕೂಲವಾದ ದೇಶಕ್ಕೆ ಹಾಕುವ ಸ್ವಾತಂತ್ರ್ಯವಿಲ್ಲ. ನಿಯಮದ ಪ್ರಕಾರ ಪ್ರವಾಸದ ಮುಖ್ಯ ದೇಶ ಯಾವುದೋ, ಅಂದರೆ ಹೆಚ್ಚು ದಿನ ಎಲ್ಲಿ ಇರುತ್ತೇವೋ, ಆ ದೇಶಕ್ಕೇ ಅರ್ಜಿ ಸಲ್ಲಬೇಕು. ಮುಖ್ಯ ದೇಶ ಇದೇ ಎಂದು ಹೇಳಲಾಗದಿದ್ದಾಗ ಮಾತ್ರ ಮೊದಲು ಪ್ರವೇಶಿಸುವ ದೇಶದ ಪಾಲಿಗೆ ಅದು ಹೋಗುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹಡಗು ಮೊದಲ ದಿನ ಬಾರ್ಸಿಲೋನಾ ಬಿಟ್ಟು, ಎರಡನೆಯ ದಿನ ಮಾರ್ಸೇ, ಮೂರನೆಯ ದಿನ ಜಿನೋವಾ, ನಾಲ್ಕನೆಯ ದಿನ ರೋಮ್‌ನ ಬಂದರಾದ ಚಿವಿಟಾವೆಕ್ಕಿಯಾ, ಐದನೆಯ ದಿನ ಪಲೆರ್ಮೊ, ಆರನೆಯ ದಿನ ಮಾಲ್ಟಾದ ವಲೆಟ್ಟಾ ಮುಟ್ಟಿ, ಏಳನೆಯ ದಿನ ಸಮುದ್ರದಲ್ಲೇ ಕಳೆದು, ಎಂಟನೆಯ ದಿನ ಬಾರ್ಸಿಲೋನಾಕ್ಕೆ ಮರಳುತ್ತದೆ ಎಂದಿಟ್ಟುಕೊಳ್ಳಿ. ಹಡಗು ಹತ್ತುವ ದಿನವೇ ಬಾರ್ಸಿಲೋನಾದಲ್ಲಿ ಇಳಿದು, ಮರಳಿದ ದಿನವೇ ವಿಮಾನ ಹತ್ತಿದರೆ ಸ್ಪೇನ್‌ಗೆ ಎರಡು ದಿನ, ಇಟಲಿಗೆ ಮೂರು ದಿನ ಸಿಗುತ್ತವೆ. ಮುಖ್ಯ ದೇಶ ಇಟಲಿಯಾಗುತ್ತದೆ. ಅದೇ ಪ್ರವಾಸಕ್ಕೆ ಬಾರ್ಸಿಲೋನಾದಲ್ಲಿ ಎರಡು ರಾತ್ರಿಯ ಹೋಟೆಲ್ ವಾಸವನ್ನು ಮುಂಚೆ ಸೇರಿಸಿದರೆ ಸ್ಪೇನ್‌ನ ದಿನಗಳು ನಾಲ್ಕಾಗಿ, ಅರ್ಜಿ ಸ್ಪೇನ್‌ಗೆ ಹೋಗಬೇಕಾಗುತ್ತದೆ. ಒಂದೇ ರಾತ್ರಿ ಸೇರಿಸಿದರೆ ಎರಡೂ ದೇಶಗಳಿಗೆ ಮೂರು ಮೂರು ದಿನಗಳಾಗಿ ಲೆಕ್ಕ ಸಮಸಮ ನಿಲ್ಲುತ್ತದೆ. ಇಂಥ ಸಮಸಮ ಸ್ಥಿತಿಯನ್ನು ತಪ್ಪಿಸುವಂತೆ ಹೋಟೆಲ್ ರಾತ್ರಿಗಳನ್ನು ಗೊತ್ತುಮಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಮುಖ್ಯ ದೇಶ ಸ್ಪಷ್ಟವಾಗಿ ಕಾಣುವ ಅರ್ಜಿಯ ಬಗ್ಗೆ ಯಾರೂ ಮರುಪ್ರಶ್ನೆ ಹಾಕುವ ಸಂದರ್ಭ ಬರುವುದಿಲ್ಲ.

ಈ ಬದಲಾವಣೆ ಕಾಗದದ ಮೇಲಿನದು ಮಾತ್ರವಲ್ಲ. ಬೆಂಗಳೂರಿನಲ್ಲಿ ಇಟಲಿ ಮತ್ತು ಫ್ರಾನ್ಸ್‌ನ ಅರ್ಜಿಗಳನ್ನು ವಿಎಫ್‌ಎಸ್ ಗ್ಲೋಬಲ್ ಎಂಬ ಖಾಸಗಿ ಸಂಸ್ಥೆ ಸ್ವೀಕರಿಸಿದರೆ ಸ್ಪೇನ್‌ನ ಅರ್ಜಿಗಳನ್ನು ಬಿಎಲ್‌ಎಸ್ ಇಂಟರ್‌ನ್ಯಾಷನಲ್ ಸ್ವೀಕರಿಸುತ್ತದೆ. ಕೇಂದ್ರವೂ ಬೇರೆ, ದಾಖಲೆಗಳ ಪಟ್ಟಿಯೂ ಸ್ವಲ್ಪ ಬೇರೆ. ಇಟಲಿಗೆಂದು ಸಮಯ ಕಾದಿರಿಸಿ, ಆಮೇಲೆ ಹೋಟೆಲ್ ರಾತ್ರಿ ಸೇರಿಸಿದವರು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ವಿಮಾನ ಫ್ರಾಂಕ್‌ಫರ್ಟ್ ಮೇಲೆ ಹೋಗುತ್ತದೆ ಎಂಬ ಕಾರಣಕ್ಕೆ ಜರ್ಮನಿಗೆ ಅರ್ಜಿ ಹಾಕಬೇಕಿಲ್ಲ. ಸ್ಪೇನ್‌ನ ವೀಸಾದಲ್ಲಿ ಅಲ್ಲಿಂದ ಒಳಗೆ ಬರಬಹುದು. ಆದರೆ ಗಡಿ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲಿಯೇ ನಡೆಯುವುದರಿಂದ ವೀಸಾದ ಮೊದಲ ದಿನ ಅಲ್ಲಿಗೆ ಇಳಿದ ದಿನವೇ ಆಗಿರುತ್ತದೆ. ದುಬೈ ಅಥವಾ ದೋಹಾ ಮೂಲಕ ಹೋದರೆ ತಪಾಸಣೆ ನೇರವಾಗಿ ಬಾರ್ಸಿಲೋನಾದಲ್ಲಿ ಆಗುತ್ತದೆ.

ಎಷ್ಟು ಬಾರಿ ಪ್ರವೇಶ?

ಅಭ್ಯಾಸಿಗಳು ಹೆಚ್ಚು ಎಡವುವ ಜಾಗ ಇದು. ಕ್ರೂಸ್ ಹಡಗು ಷೆಂಗೆನ್ ಬಂದರುಗಳನ್ನು ಮಾತ್ರ ಮುಟ್ಟುತ್ತಿದ್ದರೆ ಬಂದರಿನಿಂದ ಬಂದರಿಗೆ ಗಡಿ ತಪಾಸಣೆ ಇರುವುದಿಲ್ಲ. ನಡುವೆ ಟರ್ಕಿಯ ಕುಶಾದಾಸಿ ಅಥವಾ ಇಸ್ತಾಂಬುಲ್, ಮಾಂಟೆನೆಗ್ರೊದ ಕೋಟೋರ್‌ನಂಥ ಒಂದೇ ಒಂದು ಹೊರಗಿನ ಬಂದರು ಬಂದರೂ ಪ್ರಯಾಣಿಕರು ವಲಯದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದವರ ಪ್ರವೇಶ ಅಲ್ಲಿಗೆ ಮುಗಿದುಹೋಗಿರುತ್ತದೆ, ಮುಂದಿನ ಗ್ರೀಕ್ ಬಂದರಿನಲ್ಲಿ ಇಳಿಯುವ ಹಕ್ಕು ಉಳಿದಿರುವುದಿಲ್ಲ. ಹೀಗಾಗುವುದೆಂದು ಮೊದಲೇ ಗೊತ್ತಿರುವ ಹಡಗು ಕಂಪನಿಯವರು ಅಂಥ ವೀಸಾ ತಂದವರನ್ನು ಹತ್ತಿಸಿಕೊಳ್ಳದೆ ಇರಬಹುದು.

ಕೋಟೋರ್‌ನ ವಿಷಯದಲ್ಲಿ ಗೊಂದಲ ಇನ್ನೂ ಆಳವಾಗಿದೆ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದ ಭಾರತೀಯರನ್ನು ಮಾಂಟೆನೆಗ್ರೊ 30 ದಿನಗಳವರೆಗೆ ಬೇರೆ ವೀಸಾ ಕೇಳದೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಅಲ್ಲಿಗೆ ಯಾವ ತೊಂದರೆಯೂ ಇಲ್ಲವೆಂದು ಜನ ತಿಳಿಯುತ್ತಾರೆ. ತೊಂದರೆ ಇರುವುದು ಅಲ್ಲಿಗೆ ಹೋಗುವುದರಲ್ಲಿ ಅಲ್ಲ, ಅಲ್ಲಿಂದ ಗ್ರೀಸ್‌ನ ಕಾರ್ಫು ದ್ವೀಪಕ್ಕೋ ಇಟಲಿಗೋ ಮರಳುವುದರಲ್ಲಿ. ಟರ್ಕಿಯ ವ್ಯವಸ್ಥೆ ಬೇರೆ: ಚಾಲ್ತಿಯಲ್ಲಿರುವ ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಇರುವ ಭಾರತೀಯರು ಅದರ ಆಧಾರದ ಮೇಲೆ ಟರ್ಕಿಯ ಇ-ವೀಸಾ ಪಡೆಯಬಹುದು, ಆದ್ದರಿಂದ ಷೆಂಗೆನ್ ವೀಸಾ ಕೈಗೆ ಬರುವ ಮೊದಲು ಆ ಕೆಲಸಕ್ಕೆ ಕೈಹಾಕುವಂತಿಲ್ಲ. ಇಂಥ ಮಾರ್ಗಗಳಲ್ಲಿ ಅರ್ಜಿಯಲ್ಲೇ ಬಹುಪ್ರವೇಶ ಕೇಳಿ, ಹಡಗಿನ ಬಂದರು ಪಟ್ಟಿಯಲ್ಲಿ ಹೊರಗಿನ ಬಂದರನ್ನು ಗುರುತು ಮಾಡಿ, ಜೊತೆಗಿನ ಪತ್ರದಲ್ಲಿ ಕಾರಣವನ್ನು ಎರಡು ವಾಕ್ಯದಲ್ಲಿ ಬರೆಯಬೇಕು. ಮೊದಲೇ ಷೆಂಗೆನ್ ವೀಸಾ ಪಡೆದವರಿಗೆ ಇನ್ನೊಂದು ಅನುಕೂಲವಿದೆ: 2024ರ ಏಪ್ರಿಲ್ 18ರಂದು ಭಾರತೀಯರಿಗಾಗಿ ಬಂದ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಸರಿಯಾಗಿ ಬಳಸಿದವರು ಎರಡು ವರ್ಷದ ಬಹುಪ್ರವೇಶ ವೀಸಾಕ್ಕೆ ಅರ್ಹರಾಗುತ್ತಾರೆ.

ದಿನಗಳು, ಹಣ, ಕಾಗದಗಳು

ಅರ್ಜಿಯನ್ನು ಪ್ರವಾಸಕ್ಕೆ ಆರು ತಿಂಗಳಿಗಿಂತ ಮುಂಚೆ ಕೊಡುವಂತಿಲ್ಲ, 15 ದಿನಗಳಿಗಿಂತ ತಡವಾಗಿಯೂ ಕೊಡುವಂತಿಲ್ಲ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನಗಳವರೆಗೆ ಹಿಡಿಯುತ್ತದೆ. ಶುಲ್ಕ 2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಕ್ರೂಸ್‌ನ ಪೂರ್ಣ ಹಣ ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಪ್ರಯಾಣಕ್ಕೆ ಎರಡು ಮೂರು ತಿಂಗಳ ಮುಂಚೆ ಇರುತ್ತದೆ. ಐದು ತಿಂಗಳ ಮುಂಚೆಯೇ ಅರ್ಜಿ ಸಲ್ಲಿಸಿದರೆ, ದೊಡ್ಡ ಮೊತ್ತ ಕೈಬಿಡುವ ಮೊದಲು ವೀಸಾದ ನಿರ್ಧಾರ ತಿಳಿದಿರುತ್ತದೆ. ಹೀಗೆ ಲೆಕ್ಕ ಹಾಕುವುದರಿಂದ ಮನೆಯ ದುಡ್ಡು ಉಳಿಯುತ್ತದೆ. ಹೋಟೆಲನ್ನಂತೂ ರದ್ದು ಮಾಡಿದರೆ ಹಣ ಮರಳುವ ಷರತ್ತಿನಲ್ಲೇ ಕಾದಿರಿಸಬೇಕು, ಮತ್ತು ಕೋಣೆಯಲ್ಲಿ ತಂಗುವ ಎಲ್ಲರ ಹೆಸರೂ ಖಚಿತಪತ್ರದಲ್ಲಿ ಇರುವಂತೆ ಹೋಟೆಲಿನವರಿಂದ ಬರೆಸಿಕೊಳ್ಳಬೇಕು. ಗಂಡನ ಹೆಸರೊಂದೇ ಇದ್ದರೆ ಹೆಂಡತಿ ಎಲ್ಲಿ ತಂಗುತ್ತಾರೆ ಎಂಬುದಕ್ಕೆ ಅರ್ಜಿಯಲ್ಲಿ ದಾಖಲೆಯೇ ಇಲ್ಲದಂತಾಗುತ್ತದೆ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಲಯ ಬಿಡುವ ದಿನದ ನಂತರ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಖಾಲಿ ಪುಟಗಳಿರಬೇಕು. ವೈದ್ಯಕೀಯ ವಿಮೆಯ ಮೊತ್ತ ಕನಿಷ್ಠ 30,000 ಯೂರೊ ಇದ್ದು, ಹಡಗಿನ ದಿನಗಳಿಗೆ ಮಾತ್ರವಲ್ಲದೆ ಹೋಟೆಲ್‌ನ ದಿನಗಳಿಗೂ ಅನ್ವಯಿಸಬೇಕು.

ನಮ್ಮ ಕಡೆಯ ಅರ್ಜಿದಾರರಿಗೆ ಎರಡು ವಿಷಯಗಳಲ್ಲಿ ವಿಶೇಷ ಗಮನ ಬೇಕು. ಮೊದಲನೆಯದು ಆದಾಯದ ಪುರಾವೆ. ಚನ್ನಗಿರಿ, ಹೊಳಲ್ಕೆರೆ ಭಾಗದ ಅಡಿಕೆ ಬೆಳೆಗಾರರ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಅನೇಕರ ಬಳಿ ತೆರಿಗೆ ರಿಟರ್ನ್ ಇರುವುದಿಲ್ಲ, ಅಥವಾ ಇದ್ದರೂ ಅದರಲ್ಲಿ ಅವರ ನಿಜವಾದ ಶಕ್ತಿ ಕಾಣಿಸುವುದಿಲ್ಲ. ಅಂಥವರು ಪಹಣಿ, ಎಪಿಎಂಸಿಯಲ್ಲಿಯೋ ಸಹಕಾರ ಸಂಘದಲ್ಲಿಯೋ ಮಾಲು ಹಾಕಿದ ಬಿಲ್ಲುಗಳು ಮತ್ತು ಆ ಹಣ ಜಮೆಯಾದ ಬ್ಯಾಂಕ್ ವಿವರ, ಈ ಮೂರೂ ಒಂದಕ್ಕೊಂದು ಹೊಂದುವಂತೆ ಜೋಡಿಸಬೇಕು. ಕನ್ನಡದಲ್ಲಿರುವ ಪಹಣಿಯನ್ನು ಇಂಗ್ಲಿಷ್‌ಗೆ ಅನುವಾದಿಸಿ ನೋಟರಿ ಮಾಡಿಸಿ ಜೊತೆಗಿಡುವುದು ಲೇಸು. ಅರ್ಜಿ ಕೊಡುವ ವಾರದಲ್ಲಿ ಒಮ್ಮೆಗೇ ದೊಡ್ಡ ಮೊತ್ತವನ್ನು ಖಾತೆಗೆ ತುಂಬುವುದಕ್ಕಿಂತ, ವರ್ಷವಿಡೀ ಬೆಳೆಯ ಕಾಲಕ್ಕೆ ತಕ್ಕಂತೆ ಬಂದು ಹೋಗಿರುವ ಹಣವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಎರಡನೆಯದು ಹೆಸರು. ನಮ್ಮ ಹಿರಿಯರ ಹೆಸರುಗಳ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವು ಬಿಡಿಸಿ ಬರೆಯಲ್ಪಟ್ಟಿರಬಹುದು, ಉಪನಾಮದ ಸ್ಥಾನ ಖಾಲಿಯೂ ಇರಬಹುದು. ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ರೂಪವಿದ್ದರೂ, ವಿಮಾನ, ಹಡಗು, ಹೋಟೆಲ್, ವಿಮೆ ಈ ನಾಲ್ಕೂ ಪಾಸ್‌ಪೋರ್ಟ್‌ನ ಅಕ್ಷರಗಳನ್ನೇ ಅನುಸರಿಸಬೇಕು. ಉಪನಾಮವಿಲ್ಲದ ಪಾಸ್‌ಪೋರ್ಟ್ ಇದ್ದವರು ಹಣ ಕಟ್ಟುವ ಮೊದಲೇ ಹಡಗು ಕಂಪನಿಯನ್ನು ಕೇಳಿ ತಿಳಿದುಕೊಳ್ಳಬೇಕು. ತಿದ್ದುಪಡಿಗೆ ಸಮಯವಿದ್ದರೆ ದಾವಣಗೆರೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ಆ ಅರ್ಜಿ ಕೊಡಬಹುದು. ವೀಸಾಕ್ಕೆ ಮಾತ್ರ ಬೆಂಗಳೂರಿಗೆ ಹೋಗಲೇಬೇಕು: ಬೆರಳಚ್ಚು ಕೊಡಲು 12 ವರ್ಷ ತುಂಬಿದವರೆಲ್ಲ ಖುದ್ದಾಗಿ ಹಾಜರಾಗಬೇಕು. ಒಮ್ಮೆ ಕೊಟ್ಟದ್ದು 59 ತಿಂಗಳವರೆಗೆ ಮರುಬಳಕೆಗೆ ಬರುತ್ತದೆ.

ಹೋಟೆಲ್ ಎಲ್ಲಿ, ಎಷ್ಟು ರಾತ್ರಿ?

ಹಡಗು ಹತ್ತುವ ದಿನವೇ ಆ ಊರಿನಲ್ಲಿ ಇಳಿಯುವ ಯೋಜನೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಮುಂದಿನ ಬಂದರಿನಲ್ಲಿ ಹಿಡಿಯುವ ಖರ್ಚು ಪ್ರಯಾಣಿಕರದೇ. ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೂ ಹೋಟೆಲ್ ಒಂದೇ ಜಾಗದಲ್ಲಿರುತ್ತದೆ, ಹಡಗು ಇರುವುದಿಲ್ಲ. ಅರವತ್ತು ದಾಟಿದವರಿಗೆ ಎರಡು ರಾತ್ರಿ ಬೇಕೇ ಬೇಕು ಎನ್ನುತ್ತೇನೆ, ಏಕೆಂದರೆ ನಮ್ಮ ಪ್ರಯಾಣ ಬೆಂಗಳೂರಿನಿಂದ ಶುರುವಾಗುವುದಿಲ್ಲ. ದಾವಣಗೆರೆಯಿಂದ ರಸ್ತೆಯಲ್ಲಿ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ಬಂದ ಮೇಲೆ ವಿಮಾನದ ದಣಿವು ಆರಂಭವಾಗುತ್ತದೆ. ಕಾರಿನಲ್ಲಿ ಬರುವವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ದಟ್ಟಣೆಯೊಳಗೆ ಹೋಗಬೇಕಿಲ್ಲ. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ದಿನ ಮಧ್ಯಾಹ್ನವೇ ಊರು ಬಿಡಬೇಕು, ಆದರೆ ವೀಸಾ ಮತ್ತು ಹೋಟೆಲ್‌ನ ದಿನಾಂಕವನ್ನು ಯುರೋಪಿನಲ್ಲಿ ಇಳಿಯುವ ದಿನದಿಂದ ಎಣಿಸಬೇಕು.

ಹೋಟೆಲ್ ಆರಿಸುವ ಮೊದಲು ಹಡಗು ನಿಜವಾಗಿ ಯಾವ ಬಂದರಿನಲ್ಲಿ ನಿಲ್ಲುತ್ತದೆ ಎಂಬುದನ್ನು ಟಿಕೆಟ್‌ನಲ್ಲಿ ಓದಬೇಕು. ವೆನಿಸ್ ಇದಕ್ಕೆ ಸ್ಪಷ್ಟ ಉದಾಹರಣೆ. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ ಚೌಕದ ಎದುರಿನ ನೀರಿನಲ್ಲಿ ಸಾಗುವಂತಿಲ್ಲ. ಆ ನಗರದ ಸೂಕ್ಷ್ಮ ಅಡಿಪಾಯಗಳನ್ನು ನೆನೆದರೆ ಅದು ತೀರಾ ಅಗತ್ಯವಿದ್ದ ಕ್ರಮ. ಅದರಿಂದ ಅನೇಕ ಹಡಗುಗಳು ಟ್ರಿಯೆಸ್ಟೆ ಅಥವಾ ರವೆನ್ನಾಕ್ಕೆ ಹೋಗಿವೆ, ಎರಡೂ ವೆನಿಸ್‌ನಿಂದ ಸುಮಾರು 150 ಕಿಲೋಮೀಟರ್ ದೂರ. ಜಾಹೀರಾತಿನಲ್ಲಿ ವೆನಿಸ್ ಎಂದಿದೆಯೆಂದು ಕೊನೆಯ ರಾತ್ರಿಯ ಕೋಣೆಯನ್ನು ಅಲ್ಲಿ ಹಿಡಿದವರು ಮರುದಿನ ಬೆಳಿಗ್ಗೆ ಸಾಮಾನು ಹೊತ್ತು ಸೇತುವೆಗಳ ಮೆಟ್ಟಿಲು ಹತ್ತಿಳಿದು, ಆಮೇಲೆ ಗಂಟೆಗಟ್ಟಲೆ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗಬೇಕಾಗುತ್ತದೆ. ಇಂಥಲ್ಲಿ ವೆನಿಸ್‌ನಲ್ಲಿ ಮೊದಲ ರಾತ್ರಿ, ಬಂದರಿನ ಊರಿನಲ್ಲಿ ಕೊನೆಯ ರಾತ್ರಿ ಎಂದು ಹಂಚಿಕೊಳ್ಳುವುದು ಸೂಕ್ತ.

ರೋಮ್‌ನ ಸ್ಥಿತಿಯೂ ಸ್ವಲ್ಪ ಹಾಗೆಯೇ. ಚಿವಿಟಾವೆಕ್ಕಿಯಾ ರೋಮ್‌ನಿಂದ ಸುಮಾರು 70 ಕಿಲೋಮೀಟರ್ ಇದೆ, ಆದರೆ ರೈಲು ಸೌಕರ್ಯ ಚೆನ್ನಾಗಿದೆ. ರೋಮ್ ನೋಡಬೇಕೆಂಬ ಆಸೆ ಇದ್ದರೆ ಎರಡು ರಾತ್ರಿ ಅಲ್ಲೇ, ಟೆರ್ಮಿನಿ ಅಥವಾ ಸ್ಯಾನ್ ಪಿಯೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ತಂಗಬಹುದು. ಬಾರ್ಸಿಲೋನಾದಲ್ಲಿ ಬಂದರು ನಗರದ ಅಂಚಿನಲ್ಲೇ ಇರುವುದರಿಂದ ನಗರದ ನಡುವೆ ತಂಗಿದರೆ ಸಾಕು. ಅಥೆನ್ಸ್‌ನಲ್ಲಿ 2022ರ ಅಕ್ಟೋಬರ್‌ನಿಂದ ಮೆಟ್ರೊದ ಮೂರನೆಯ ಮಾರ್ಗ ವಿಮಾನ ನಿಲ್ದಾಣದಿಂದ ನೇರವಾಗಿ ಪಿರಿಯಸ್ ಬಂದರಿನವರೆಗೆ ಓಡುವುದರಿಂದ, ನಗರದ ನಡುವಿನ ಸಿಂಟಾಗ್ಮಾ ಚೌಕದ ಸುತ್ತ ತಂಗಿದವರಿಗೆ ಎರಡೂ ಕಡೆಯ ಪ್ರಯಾಣ ಒಂದೇ ಮಾರ್ಗದಲ್ಲಿ ಮುಗಿಯುತ್ತದೆ. ಈ ನಗರಗಳಲ್ಲಿ ಕೋಣೆಯ ಬಾಡಿಗೆಯಲ್ಲದೆ ರಾತ್ರಿಯ ಲೆಕ್ಕದಲ್ಲಿ ಒಂದು ತೆರಿಗೆಯನ್ನು ಹೋಟೆಲ್‌ನಲ್ಲೇ ವಸೂಲಿ ಮಾಡುತ್ತಾರೆ.

2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಗಣಕದಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಪಾಸ್‌ಪೋರ್ಟ್‌ನ ಮುದ್ರೆಯ ಬದಲು ಮುಖದ ಚಿತ್ರ ಮತ್ತು ದಿನಾಂಕ ಗಣಕದಲ್ಲಿ ಉಳಿಯುವುದರಿಂದ, ಇದ್ದ ದಿನಗಳ ಲೆಕ್ಕ ಒಂದು ದಿನವೂ ತಪ್ಪುವುದಿಲ್ಲ. ಮೊದಲ ಸಲ ದಾಖಲಾಗುವವರ ಸಾಲು ನಿಧಾನವಾಗಬಹುದು. ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸುವವರು ನಡುವೆ ಮೂರು ಗಂಟೆಯಾದರೂ ಇರುವ ಟಿಕೆಟ್ ತೆಗೆದುಕೊಳ್ಳಬೇಕು.

ವೀಸಾ ಕೈಸೇರಿದ ಕೂಡಲೇ ಸ್ಟಿಕರ್‌ನ ಮೂರು ಸ್ಥಾನಗಳನ್ನು ಹಡಗಿನ ಮತ್ತು ಹೋಟೆಲಿನ ಕಾಗದಗಳ ಜೊತೆ ಹೋಲಿಸಿ ನೋಡಬೇಕು: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಪ್ರವೇಶ, ಎಷ್ಟು ದಿನಗಳ ವಾಸ. ಮೊದಲನೆಯದು ಮತ್ತು ಮೂರನೆಯದು ಬೇರೆ ಬೇರೆ ಎಂಬುದನ್ನು ಮರೆಯಬಾರದು. ದಿನಾಂಕಗಳ ನಡುವೆ ಒಂದು ತಿಂಗಳಿದ್ದರೂ ವಾಸಕ್ಕೆ ಹತ್ತೇ ದಿನವಿರಬಹುದು. ಮೇಲಿನ ಬಾರ್ಸಿಲೋನಾ ಉದಾಹರಣೆಯಲ್ಲಿ ಎರಡು ರಾತ್ರಿಯ ಹೋಟೆಲ್ ಸೇರಿಸಿದರೆ, ಇಳಿದ ದಿನದಿಂದ ಮರಳುವ ದಿನದವರೆಗೆ, ಸಮುದ್ರದಲ್ಲಿ ಕಳೆದ ದಿನವೂ ಸೇರಿ, ಲೆಕ್ಕ ಸರಿಯಾಗಿ ಹತ್ತಕ್ಕೆ ಬರುತ್ತದೆ. ಅಲ್ಲಿ ಎಂಟು ಎಂದು ಬರೆದಿದ್ದರೆ, ಅಥವಾ ಬಹುಪ್ರವೇಶದ ಜಾಗದಲ್ಲಿ ಒಂದು ಎಂದಿದ್ದರೆ, ಹೋಟೆಲ್ ರದ್ದು ಮಾಡುವ ಗಡುವು ಮೀರುವ ಮೊದಲೇ, ಬಂದರು ಪಟ್ಟಿಯನ್ನೂ ಹೋಟೆಲ್ ಖಚಿತಪತ್ರವನ್ನೂ ಹಿಡಿದು ಅರ್ಜಿ ಕೊಟ್ಟ ಕೇಂದ್ರದ ಮೂಲಕ ತಿದ್ದುಪಡಿ ಕೇಳಬೇಕು.